ಬಣ್ಣ ಬೆರೆಸುವವನ ಮಗಳು

ಮುರಳಿಯ ಮಗಳು ಹುಟ್ಟಿದಾಗ ಅವಳ ತಲೆ ತುಂಬ ಕಪ್ಪು ಕೂದಲಿತ್ತು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನರ್ಸು ಕೈಗೆ ಕೊಟ್ಟಾಗ ಅವನ ತಾಯಿ ಅಂಜಿನಮ್ಮ, "ಥೇಟ್ ನಿನ್ನ ಹಣೆ ಕಣೋ" ಎಂದು ಕಣ್ಣೊರೆಸಿಕೊಂಡಿದ್ದಳು. ಮೋನಿಷಾ ಎಂದು ಹೆಸರಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಮಗುವಿನ ಬಣ್ಣ ತಿಳಿಯಾಗುತ್ತ ಬಂತು. ಕೂದಲು ಕೆಂಚಾಯಿತು, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಮೈ ಹಾಲಿನಂತೆ ಬೆಳ್ಳಗಾಯಿತು. ಕಣ್ಣಿನ ಪಾಪೆ ಕೂಡ ಜೇನಿನ ಬಣ್ಣಕ್ಕೆ ಬಂತು.

ಮುರಳಿ ಕಪ್ಪು. ಅವನ ಹೆಂಡತಿ ತೇಜಶ್ರೀಯೂ ಕಪ್ಪು. ಅವಳು ಹೊರಗಿನವಳೇನಲ್ಲ, ಅಂಜಿನಮ್ಮನ ಸ್ವಂತ ತಮ್ಮ ಮುನಿರಾಜಪ್ಪನ ಮಗಳು. ಚಿಕ್ಕಂದಿನಿಂದ ಮುರಳಿಯನ್ನು 'ಬಾವ' ಎಂದು ಕರೆದು, ಅವನ ಜೊತೆ ಜಗಳವಾಡಿ ಬೆಳೆದವಳು. ಎರಡು ಮನೆಗಳಲ್ಲೂ ಬೆಳ್ಳಗಿನವರು ಒಬ್ಬರೂ ಇಲ್ಲವೆಂದೇ ಮುರಳಿ ತಿಳಿದಿದ್ದ.

ಅಂಜಿನಮ್ಮನಿಗೆ ಮಾತ್ರ ಹಿಗ್ಗೋ ಹಿಗ್ಗು. ರಾಮಮೂರ್ತಿ ನಗರದ ಆ ಗಲ್ಲಿಯಲ್ಲಿ ಸೊಪ್ಪಿನವಳಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಮೊಮ್ಮಗಳನ್ನು ತೋರಿಸಿ, ದೃಷ್ಟಿಯಾಗುತ್ತದೆಂದು ಕೆನ್ನೆಗೆ ಕಾಡಿಗೆ ಬೊಟ್ಟಿಡುತ್ತಿದ್ದಳು. ಮಗುವಿನ ಬಟ್ಟೆಗಳಿಂದ ಒಂದು ಥರದ ಇಲಿ ವಾಸನೆ ಬರುತ್ತಿತ್ತು. ಬೀರುವಿನ ಹಿಂದೆ ಇಲಿ ಸೇರಿದೆಯೆಂದು ಮುರಳಿ ಬೋನು ಇಟ್ಟ. ಇಲಿ ಬೀಳಲಿಲ್ಲ. ವಾಸನೆಯೂ ಹೋಗಲಿಲ್ಲ.

ಮುರಳಿಯ ಕೆಲಸವೇ ಬಣ್ಣದ್ದು. ಹಲಸೂರಿನಲ್ಲಿ ಪೀರಪ್ಪನ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಬೆರೆಸುತ್ತಿದ್ದ. ಗೀರು ಬಿದ್ದ ಬಾಗಿಲಿಗೆ ಕಂಪನಿಯ ಬಣ್ಣ ತಂದು ಬಳಿದರೆ ಹೊಂದುವುದಿಲ್ಲ, ಉಳಿದ ಮೈ ಬಿಸಿಲಿಗೆ ಕಂದಿರುತ್ತದೆ. ಮುರಳಿ ಬಾಗಿಲನ್ನು ಬೆಳಕಿಗೆ ಹಿಡಿದು ನೋಡಿ, ತೂಕದ ಯಂತ್ರದ ಮೇಲೆ ಡಬ್ಬಿ ಇಟ್ಟು, ಒಂದಿಷ್ಟು ಹಳದಿ, ಚಿಟಿಕೆಯಷ್ಟು ಕಪ್ಪು ಸೇರಿಸಿ ಕಲಕಿದನೆಂದರೆ ಗೀರು ಎಲ್ಲಿತ್ತೆಂದು ಕಾರಿನ ಯಜಮಾನನಿಗೂ ಗೊತ್ತಾಗುತ್ತಿರಲಿಲ್ಲ.

ಆಯುಧ ಪೂಜೆಯ ದಿನ ತೇಜಶ್ರೀ ಮಗುವನ್ನು ಎತ್ತಿಕೊಂಡು ಗ್ಯಾರೇಜಿಗೆ ಬಂದಳು. ಪೀರಪ್ಪ ಮಗುವಿನ ಗಲ್ಲ ಹಿಡಿದು ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಏನ್ ಮುರಳಿ, ಶೇಡ್ ಮ್ಯಾಚ್ ಆಗಿಲ್ವಲ್ಲೋ! ಇದು ನಿನ್ನ ಮಿಕ್ಸಿಂಗ್ ಅಲ್ಲ ಬಿಡು" ಎಂದ. ಹುಡುಗರು ಹೋ ಎಂದು ನಕ್ಕರು. ತೇಜಶ್ರೀ ಕುಂಬಳಕಾಯಿ ಒಡೆಯುವುದನ್ನು ನೋಡುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಮುರಳಿಯೂ ನಕ್ಕ. ಮನೆಗೆ ಹೋದ ಮೇಲೆ ಅದು ನಗುವ ಮಾತಾಗಿ ಉಳಿಯಲಿಲ್ಲ.

ಮೇಲಿನ ಮನೆಯಲ್ಲಿ ಡೆಹರಾಡೂನಿನ ಹುಡುಗನೊಬ್ಬ ಬಾಡಿಗೆಗಿದ್ದ. ಬೆಳ್ಳಗೆ, ಎತ್ತರಕ್ಕೆ ಇದ್ದ. ಅವನಿಲ್ಲದಾಗ ಬಂದ ಪಾರ್ಸೆಲ್ಲುಗಳನ್ನು ತೇಜಶ್ರೀ ತೆಗೆದಿಟ್ಟುಕೊಂಡು ಸಂಜೆ ಕೊಡುತ್ತಿದ್ದಳು. ಅಲ್ಲಿಯವರೆಗೆ ಮುರಳಿ ಅದನ್ನು ಗಮನಿಸಿಯೂ ಇರಲಿಲ್ಲ. ಈಗ ಅವಳು ಬಾಗಿಲಲ್ಲಿ ನಿಂತು "ಥ್ಯಾಂಕ್ಸ್" ಅನ್ನಿಸಿಕೊಳ್ಳುವುದನ್ನು ಒಳಗೆ ಕೂತು ಕೇಳಿಸಿಕೊಳ್ಳತೊಡಗಿದ. ಅವಳನ್ನು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವಳು ಬೈದಾದರೂ ಬೈಯುತ್ತಿದ್ದಳು, ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ದೀಪಾವಳಿಗೆ ಎಲ್ಲರೂ ಕೆ.ಆರ್. ಪುರದಲ್ಲಿದ್ದ ಮುನಿರಾಜಪ್ಪನ ಮನೆಗೆ ಹೋದರು. ರೈಲ್ವೆಯಲ್ಲಿ ಫಿಟ್ಟರಾಗಿದ್ದು ನಿವೃತ್ತನಾದ ಮುನಿರಾಜಪ್ಪ ಕಡಿಮೆ ಮಾತಿನ ಮನುಷ್ಯ. ನೆಂಟರೆಲ್ಲ ಎಲೆಯ ಮುಂದೆ ಕೂತಿದ್ದರು. ತೇಜಶ್ರೀ ಸಾರು ಬಡಿಸುತ್ತಿದ್ದಳು. ಯಾರೋ ಒಬ್ಬ ಅಜ್ಜಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಯಾರನ್ನ ಹೋಲ್ತದವ್ವಾ ಇದು?" ಎಂದು ಅಕ್ಕರೆಯಿಂದ ಕೇಳಿದಳು.

"ನಮ್ಮ ಮೇಲಿನ ಮನೆಯವನನ್ನ" ಎಂದ ಮುರಳಿ.

ಒಂದಿಬ್ಬರು ತಮಾಷೆಯೆಂದುಕೊಂಡು ನಗಲು ಹೋಗಿ ನಿಲ್ಲಿಸಿದರು. ತೇಜಶ್ರೀ ಸೌಟು ಹಿಡಿದು ನಿಂತಳು.

"ಏನಂದೆ ಬಾವ?"

"ಕೇಳಿಸ್ಲಿಲ್ವಾ? ಬಣ್ಣ ನನ್ನ ಕೆಲಸ ತೇಜು. ಎರಡು ಕಪ್ಪು ಬೆರೆಸಿದ್ರೆ ಬಿಳಿ ಬರಲ್ಲ."

ಅವಳು ಅಳಲಿಲ್ಲ. ಪಾತ್ರೆಯನ್ನು ನೆಲಕ್ಕಿಟ್ಟು, ಅಜ್ಜಿಯ ತೊಡೆಯಿಂದ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುನಿರಾಜಪ್ಪ ಅರ್ಧ ಊಟದಲ್ಲೇ ಎದ್ದ. ಮುರಳಿಯ ಮುಖ ನೋಡಲಿಲ್ಲ. ಅಕ್ಕನ ಕಡೆ ತಿರುಗಿ, "ಅಕ್ಕಾ, ನಿನ್ನ ಮಗನ್ನ ಕರ್ಕೊಂಡು ಹೊರಡು" ಎಂದ. ಅಂಜಿನಮ್ಮ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನಾದಳು.

ತೇಜಶ್ರೀ ಮತ್ತೆ ರಾಮಮೂರ್ತಿ ನಗರಕ್ಕೆ ಬರಲಿಲ್ಲ.

ಅಂಜಿನಮ್ಮ ಮಗನ ಜೊತೆ ಮಾತು ಬಿಟ್ಟಳು. ಅಡುಗೆ ಮಾಡಿಡುತ್ತಿದ್ದಳು, ಅಷ್ಟೆ. ವಾರಕ್ಕೊಮ್ಮೆ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗಿ ಬರುತ್ತಿದ್ದಳು. ಮಗು ಸೊರಗಿದೆ, ಕತ್ತು ನಿಲ್ಲುತ್ತಿಲ್ಲ, ಕೂರಿಸಿದರೆ ವಾಲುತ್ತದೆ ಎಂದು ಹೆದರಿ ರಾಗಿ ಸರಿ, ಹೆಸರುಬೇಳೆ ಹಿಟ್ಟು, ಬಾದಾಮಿ ಪುಡಿ, ಊರಿನಿಂದ ತರಿಸಿದ ನಾಟಿ ಹಸುವಿನ ಹಾಲು ಎಲ್ಲ ಹೊತ್ತುಕೊಂಡು ಹೋಗುತ್ತಿದ್ದಳು. "ಸಕ್ತಿ ಬಂದ್ರೆ ಎಲ್ಲಾ ಸರಿಹೋಗ್ತದೆ" ಎಂದು ತನ್ನ ಕೈಯಾರೆ ತಿನ್ನಿಸುತ್ತಿದ್ದಳು.

ಚಳಿ ಹಿಡಿದಿದ್ದ ಒಂದು ಬೆಳಗ್ಗೆ ತೇಜಶ್ರೀ ಫೋನ್ ಮಾಡಿದಳು. ಮುರಳಿ ಗ್ಯಾರೇಜಿನಲ್ಲಿದ್ದ.

"ಮಗು ನನ್ನ ಮುಖ ನೋಡ್ತಿಲ್ಲ ಬಾವ. ಕರೆದ್ರೆ ತಿರುಗಲ್ಲ. ದೊಡ್ಡ ಆಸ್ಪತ್ರೆಗೆ ಹೋಗ್ಬೇಕು. ನನ್ನ ಜೊತೆ ಮಾತಾಡ್ಬೇಡ, ಬೇಕಾದ್ರೆ ಬೈಯಿ, ಆದ್ರೆ ಜೊತೇಲಿ ಬಾ."

ಪೀರಪ್ಪ ಪಕ್ಕದಲ್ಲೇ ನಿಂತಿದ್ದ. ಮುರಳಿ ದನಿ ತಗ್ಗಿಸಲಿಲ್ಲ. "ಅದರ ಅಪ್ಪ ಯಾರೋ ಅವನನ್ನ ಕರ್ಕೊಂಡು ಹೋಗು" ಎಂದ.

ಆ ಕಡೆ ಫೋನ್ ಕಟ್ಟಾಯಿತು.

ಯುಗಾದಿ ಹತ್ತಿರವಾದಾಗ ಮಗುವಿಗೆ ಫಿಟ್ಸ್ ಬಂತು. ಮುನಿರಾಜಪ್ಪನೇ ಮಗುವನ್ನೂ ಮಗಳನ್ನೂ ಆಟೋದಲ್ಲಿ ಕೂರಿಸಿಕೊಂಡು ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಯೊಂದಕ್ಕೆ ಓಡಿದ. ಅಲ್ಲಿ ಕೆಲವು ದಿನ ಇಟ್ಟುಕೊಂಡು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿದರು. ಕೊನೆಗೆ ತಂದೆ ತಾಯಿ ಇಬ್ಬರೂ ಬರಬೇಕು, ಇಬ್ಬರ ರಕ್ತವೂ ಬೇಕು ಎಂದರು. ಅಂಜಿನಮ್ಮ ಮನೆಗೆ ಬಂದು, ಅಷ್ಟು ತಿಂಗಳ ಮೇಲೆ ಮೊದಲ ಸಲ ಮಗನ ಮುಖ ನೋಡಿ ವಿಷಯ ಹೇಳಿದಳು.

ಮುರಳಿ ಒಪ್ಪಿದ. ಅವನು ಒಪ್ಪಿದ್ದು ಮಗುವಿಗಾಗಿ ಅಲ್ಲ. ರಕ್ತ ತೆಗೆಯಲಿ, ಎಲ್ಲ ಬಯಲಾಗಲಿ, ಮಾವನೂ ಅಲ್ಲೇ ಇರಲಿ ಎಂದುಕೊಂಡ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೆಲ್ಲಲು ಹೊರಟವನ ಹಾಗೆ ತಾಯಿಯ ಜೊತೆ ಹೊರಟ. ಮುಂದೆ ಎಷ್ಟೋ ದಿನ ಆ ಅಂಗಿಯನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಡಾಕ್ಟರ್ ನಾಜಿಶ್ ಚಿಕ್ಕ ವಯಸ್ಸಿನವರು, ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವರು. ಅವರ ಕೋಣೆಯಲ್ಲಿ ತೇಜಶ್ರೀ ಮಗುವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಅವಳ ಕೆನ್ನೆಯ ಮೂಳೆ ಎದ್ದಿತ್ತು. ಮುರಳಿಯನ್ನು ಕಂಡು ಸರಿದು ಕೂತು, "ಕೂತ್ಕೊಳ್ಳಿ" ಎಂದಳು. ಹುಟ್ಟಿದಾಗಿನಿಂದ ಅವಳು ಅವನಿಗೆ ಬಹುವಚನ ಬಳಸಿದ್ದಿಲ್ಲ.

"ಮಗುವಿಗೆ ಪಿ.ಕೆ.ಯು. ಅನ್ನೋ ಕಾಯಿಲೆ ಇದೆ" ಎಂದು ಡಾಕ್ಟರ್ ಶುರುಮಾಡಿದರು. "ಹುಟ್ಟಿನಿಂದ ಬರೋದು."

ಮುರಳಿ ಬೇರೇನನ್ನೂ ಕೇಳದೆ, ತಾನು ಕೇಳಬೇಕೆಂದು ಬಂದಿದ್ದನ್ನೇ ಕೇಳಿದ. "ಡಾಕ್ಟ್ರೇ, ನಾನೂ ಕಪ್ಪು, ಇವಳೂ ಕಪ್ಪು. ಈ ಮಗು ಹೇಗೆ ಇಷ್ಟು ಬೆಳ್ಳಗಿದೆ? ಅದನ್ನ ಮೊದ್ಲು ಹೇಳಿ."

ತೇಜಶ್ರೀ ತಲೆ ಎತ್ತಲಿಲ್ಲ. ನಾಜಿಶ್ ಮಾತ್ರ ಉತ್ಸಾಹದಿಂದ, "ಕರೆಕ್ಟಾಗಿ ಕೇಳಿದ್ರಿ ನೋಡಿ! ನನಗೂ ಮೊದಲು ಡೌಟ್ ಬಂದಿದ್ದೇ ಆ ಬಣ್ಣದಿಂದ" ಎಂದರು. "ಆ ಬಣ್ಣಾನೇ ಕಾಯಿಲೆ."

ಅವರು ಬಿಡಿಸಿ ಹೇಳಿದರು. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲಿರುವ ಪ್ರೋಟೀನು ಹೊಟ್ಟೆಯಲ್ಲಿ ಸಣ್ಣ ಸಣ್ಣ ಚೂರುಗಳಾಗಿ ಒಡೆಯುತ್ತದೆ. ಅವಕ್ಕೆ ಅಮೈನೋ ಆಮ್ಲ ಎನ್ನುತ್ತಾರೆ. ಅವುಗಳಲ್ಲಿ ಒಂದು ಫಿನೈಲ್ ಅಲನೈನ್. ಅದು ಸ್ವಲ್ಪ ಬೇಕು, ಜಾಸ್ತಿಯಾಗಬಾರದು. "ಈ ಲೆಕ್ಕ ನೋಡ್ಕೊಳ್ಳೋದು ಲಿವರ್‌ನ ಜೀವಕೋಶ. ಅದರೊಳಗೆ ಒಂದು ಕಿಣ್ವ ಇರುತ್ತೆ. ಫಿನೈಲ್ ಅಲನೈನ್ ಜಾಸ್ತಿಯಾದ ಕೂಡ್ಲೆ ಅದು ಎದ್ದು ಕೆಲಸ ಶುರುಮಾಡುತ್ತೆ, ಹೆಚ್ಚಾಗಿದ್ದನ್ನ ಟೈರೋಸಿನ್ ಅನ್ನೋ ಇನ್ನೊಂದು ಚೂರಾಗಿ ಬದಲಾಯಿಸುತ್ತೆ. ಕಡಿಮೆಯಾದ್ರೆ ತಾನಾಗೇ ಸುಮ್ಮನಾಗುತ್ತೆ. ನಮಗೆ ಗೊತ್ತೂ ಆಗಲ್ಲ. ಮೋನಿಷಾಗೆ ಆ ಕಿಣ್ವ ಕೆಲಸ ಮಾಡ್ತಿಲ್ಲ. ತಿಂದಿದ್ದೆಲ್ಲ ರಕ್ತದಲ್ಲಿ ಸೇರ್ಕೊಂಡು ಮೆದುಳಿಗೆ ಪೆಟ್ಟು ಕೊಟ್ಟಿದೆ. ಈ ಕಡೆ ಟೈರೋಸಿನ್ ಸಾಕಾಗ್ತಿಲ್ಲ. ಚರ್ಮ, ಕೂದಲಿನ ಕಪ್ಪು ಬಣ್ಣ ತಯಾರಾಗೋದೇ ಅದರಿಂದ. ಅದಕ್ಕೇ ಬೆಳ್ಳಗಾಗಿರೋದು. ಬಟ್ಟೇಲಿ ಇಲಿ ಥರ ವಾಸನೆ ಬರ್ತಿತ್ತಾ?"

"ಬರ್ತಿತ್ತು" ಎಂದಳು ಬಾಗಿಲ ಬಳಿ ನಿಂತಿದ್ದ ಅಂಜಿನಮ್ಮ. ಆಮೇಲೆ ಮೆಲ್ಲಗೆ, "ನಾನು ಹಾಲು, ಬೇಳೆ, ಬಾದಾಮಿ..." ಎಂದವಳು ಗೋಡೆಗೆ ಒರಗಿದಳು.

"ಗೊತ್ತಿಲ್ದೆ ಕೊಟ್ಟಿದ್ದಮ್ಮ, ಯಾರಾದ್ರೂ ಅದೇ ಮಾಡ್ತಿದ್ರು" ಎಂದರು ನಾಜಿಶ್.

ಮುರಳಿ ಕುರ್ಚಿಯ ಅಂಚಿಗೆ ಸರಿದ. "ಮತ್ತೆ ನನ್ನ ರಕ್ತ ಯಾಕೆ?"

"ಈ ಕಾಯಿಲೆ ಬರಬೇಕಾದ್ರೆ ದೋಷ ಎರಡೂ ಕಡೆಯಿಂದ ಬರ್ಬೇಕು. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಒಂದೇ ಇದ್ರೆ ಏನೂ ಆಗಲ್ಲ, ನಿಮ್ಮ ಹಾಗೆ ಆರಾಮಾಗಿ ಇರ್ತಾರೆ. ನೀವಿಬ್ರೂ ಸಂಬಂಧದಲ್ಲೇ ಮದುವೆ ಆಗಿರೋದಲ್ವಾ? ಒಂದೇ ಮನೆತನದ್ದು ಇಬ್ಬರಿಗೂ ಬಂದಿರ್ಬೇಕು. ಮನೇಲಿ ಹಿಂದೆ ಯಾರಾದ್ರೂ ಈ ಥರ ಇದ್ರಾ?"

ಮುರಳಿ ತಾಯಿಯ ಕಡೆ ನೋಡಿದ. ಅಂಜಿನಮ್ಮ ಇಲ್ಲವೆಂದು ತಲೆಯಾಡಿಸಿದಳು.

ಡಾಕ್ಟರು ಏನೋ ಬರೆದುಕೊಳ್ಳುತ್ತ, ಯಾರನ್ನೂ ದೂಷಿಸದ ದನಿಯಲ್ಲಿ, "ಇಷ್ಟು ತಡ ಯಾಕಾಯ್ತು? ಚಳಿಗಾಲದಲ್ಲೇ ಕರ್ಕೊಂಡು ಬಂದಿದ್ರೆ ಇನ್ನೂ ಸ್ವಲ್ಪ ಉಳಿಸ್ಕೋಬಹುದಿತ್ತು" ಎಂದರು.

ತೇಜಶ್ರೀ ಆಗ ತಲೆಯೆತ್ತಿದಳು. "ಮನೆ ಹತ್ರ ಒಬ್ರು ಡಾಕ್ಟ್ರಿಗೆ ತೋರಿಸಿದ್ದೆ ಮೇಡಂ. ಮಗು ಯಾರ ಹಾಗಿದೆ, ಅಪ್ಪ ಬಂದಿಲ್ವಾ ಅಂತ ನಗ್ತಾ ಕೇಳಿದ್ರು. ಸುಮ್ನೆ ಕೇಳಿದ್ದೇನೋ. ನನಗೆ ಅಲ್ಲಿ ಕೂರೋಕಾಗ್ಲಿಲ್ಲ, ಎದ್ದು ಬಂದ್ಬಿಟ್ಟೆ. ಆಮೇಲೆ ಎಲ್ಲಿಗೂ ಹೋಗೋ ಧೈರ್ಯ ಬರ್ಲಿಲ್ಲ." ಸ್ವಲ್ಪ ತಡೆದು, "ನನ್ನದೂ ತಪ್ಪಿದೆ" ಎಂದಳು.

ಆ ಕೊನೆಯ ಮಾತನ್ನು ಮುರಳಿಗೆ ತಡೆದುಕೊಳ್ಳಲಾಗಲಿಲ್ಲ. ನೆಲದೊಳಗೆ ಇಳಿದುಹೋಗಬೇಕೆನಿಸಿತು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡ. ಲ್ಯಾಬಿನ ಹುಡುಗಿ ಬಂದು ತೋಳು ಕೇಳಿದಾಗ, ಸೂಜಿ ಚುಚ್ಚುವಾಗ, ಅವನು ಒಮ್ಮೆಯೂ ತೇಜಶ್ರೀಯ ಕಡೆ ನೋಡಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಮುನಿರಾಜಪ್ಪ ಬೆಂಚಿನ ಮೇಲೆ ಕೂತಿದ್ದ. ಮುರಳಿ ಹೋಗಿ ಅವನ ಕಾಲಿಗೆ ಬಿದ್ದ. ಓಡಾಡುತ್ತಿದ್ದ ಜನ ನಿಂತು ನೋಡಿದರು. ಮುನಿರಾಜಪ್ಪ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

"ಏಳಪ್ಪಾ. ಎಲ್ಲಾರೂ ನೋಡ್ತಾವ್ರೆ. ನೀನು ಕಾಲು ಹಿಡಿದ್ರೆ ನಾನು ಕ್ಷಮಿಸಿದೆ ಅನ್ಬೇಕಾಗ್ತದೆ. ನನಗೆ ಇವತ್ತು ಅದು ಬರಲ್ಲ."

ಮುರಳಿ ಎದ್ದು ನಿಂತ. ತೇಜಶ್ರೀ ಹಿಂದಿನಿಂದ ಬಂದು ಡಾಕ್ಟರು ಬರೆದುಕೊಟ್ಟ ಚೀಟಿಯೊಂದನ್ನು ಅವನ ಮುಂದೆ ಹಿಡಿದಳು. "ಹಾಲಿನ ಬದಲು ಕೊಡೋ ಈ ಪೌಡರ್ ಡಬ್ಬಿ ಎಲ್ಲಿ ಸಿಗುತ್ತೆ ಕೇಳ್ಕೊಂಡು ಬನ್ನಿ. ಇವತ್ತಿಂದ್ಲೇ ಕೊಡ್ಬೇಕಂತೆ."

ಮನೆಗೆ ಬಂದ ಮೇಲೆ ಅಂಜಿನಮ್ಮ ದೀಪ ಹಚ್ಚಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ತಾನು ಡಾಕ್ಟರ ಮುಂದೆ ಸುಳ್ಳು ಹೇಳಿದೆ ಎಂದಳು.

"ನನಗೊಬ್ಬ ಅಣ್ಣ ಇದ್ದ ಕಣೋ. ಬೆಳ್ಳಗೆ, ಕೆಂಚುಗೂದಲು. ಬಿಳಿಯಾ ಅಂತಿದ್ರು. ಮಾತು ಬರ್ತಿರ್ಲಿಲ್ಲ, ಜೊಲ್ಲು ಸುರಿಸ್ಕೊಂಡು ಕೊಟ್ಟಿಗೇಲಿ ಕೂತಿರೋನು. ನೆಂಟರು ಬಂದ್ರೆ ನಮ್ಮಪ್ಪ ಬಾಗಿಲು ಹಾಕೋದು. ನಿಮ್ಮಾವ ಆವಾಗ ಎಳೆಕೂಸು, ಅವನಿಗೆ ನೆಪ್ಪಿಲ್ಲ. ಬಿಳಿಯಾ ಸತ್ತ ಮೇಲೆ ಯಾರೂ ಅವನ ಹೆಸರು ಎತ್ಲಿಲ್ಲ. ಮನೇಲಿ ಅಂಥೋನು ಇದ್ದ ಅಂದ್ರೆ ನನ್ನ ಯಾರು ಮದುವೆ ಮಾಡ್ಕೊಳ್ತಿದ್ರು?"

"ಅವ್ವಾ, ದೀಪಾವಳಿ ದಿನ..."

"ಬಾಯಿವರೆಗೂ ಬಂತು. ಹೇಳಿದ್ರೆ ಮಗೂನೂ ಬಿಳಿಯಾನ ಥರ ಅಂದಂಗಾಯ್ತದೆ ಅಂತ ನುಂಗ್ಕೊಂಡೆ. ಅಲ್ಲಿ ಕೂತಿದ್ದೋರ ಮುಂದೆ ನನ್ನ ಮನೆತನದ ಮಾನ ನೋಡ್ಕೊಂಡೆ, ಆ ಹುಡುಗೀದು ನೋಡ್ಲಿಲ್ಲ."

ಮರುದಿನ ಅಂಜಿನಮ್ಮ ಒಬ್ಬಳೇ ಹೋಗಿ ತಮ್ಮನಿಗೂ ತೇಜಶ್ರೀಗೂ ಎಲ್ಲವನ್ನೂ ಹೇಳಿ ಬಂದಳು. ಅವರು ಏನೆಂದರೆಂದು ಮಗನಿಗೆ ಹೇಳಲಿಲ್ಲ. ಕೆಲವು ವಾರಗಳ ಮೇಲೆ ರಕ್ತದ ವರದಿ ಬಂತು. ಡಾಕ್ಟರು ಅಂದಾಜಿಸಿದಂತೆಯೇ ಗಂಡ ಹೆಂಡಿರಿಬ್ಬರಲ್ಲೂ ಒಂದೇ ದೋಷವಿತ್ತು.

ಮುರಳಿ ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಕೆ.ಆರ್. ಪುರಕ್ಕೆ ಹೋಗತೊಡಗಿದ. ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಮಗುವಿಗೆ ಇನ್ನು ಬೇಳೆಯಿಲ್ಲ, ಮೊಟ್ಟೆಯಿಲ್ಲ, ಬಾದಾಮಿಯಿಲ್ಲ. ಫಿನೈಲ್ ಅಲನೈನ್ ಇಲ್ಲದ ಪುಡಿಯನ್ನು ನೀರಿಗೆ ಕಲಸಿ ಕೊಡಬೇಕು. ಹಾಗೆಂದು ಪೂರ್ತಿ ನಿಲ್ಲಿಸುವಂತೆಯೂ ಇಲ್ಲ, ಮಗು ಬೆಳೆಯಲು ಅದೂ ಒಂದಿಷ್ಟು ಬೇಕು. ಹಾಗಾಗಿ ಅನ್ನ, ಆಲೂಗಡ್ಡೆ, ಒಂದು ಗುಟುಕು ಹಾಲು ಎಲ್ಲವನ್ನೂ ತೂಗಿಯೇ ಕೊಡಬೇಕು. ಮೇಲಿಂದ ಮೇಲೆ ರಕ್ತ ಪರೀಕ್ಷಿಸಿ ಅಳತೆ ಬದಲಿಸಬೇಕು. ಮುರಳಿ ಅಡುಗೆಮನೆಯ ಮೂಲೆಯಲ್ಲಿ ಕೂತು ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು ತೂಗುತ್ತಿದ್ದ. ಕಾರಿನ ಬಣ್ಣ ತಪ್ಪಿದರೆ ಇನ್ನೊಮ್ಮೆ ಬೆರೆಸಬಹುದಿತ್ತು. ಇಲ್ಲಿ ಹಾಗಿರಲಿಲ್ಲ. ತೇಜಶ್ರೀ ಅವನು ತೂಗಿದ್ದನ್ನು ಮತ್ತೊಮ್ಮೆ ತಾನೇ ತೂಗಿ ನೋಡುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ, "ತೇಜು, ಮನೆಗೆ ಬಾ" ಎಂದ.

ಅವಳು ಮಗುವಿನ ಬಾಯಿ ಒರೆಸುತ್ತಿದ್ದಳು. "ಮಗುವಿಗೆ ನೀವು ಅಪ್ಪ. ಅದನ್ನ ಯಾರೂ ಕಿತ್ಕೊಳ್ಳಲ್ಲ. ನನಗೆ ಏನಾಗ್ಬೇಕು ಅನ್ನೋದು ನನಗಿನ್ನೂ ಗೊತ್ತಾಗಿಲ್ಲ. ಗೊತ್ತಾದಾಗ ಹೇಳ್ತೀನಿ. ಕೇಳ್ತಾ ಇರ್ಬೇಡಿ."

ಅವನು ಮತ್ತೆ ಕೇಳಲಿಲ್ಲ.

ಮಗುವಿಗೆ ಫಿಟ್ಸ್ ನಿಂತಿತು. ಕೂದಲು ಬುಡದಿಂದ ಕಪ್ಪಾಗಿ ಬರತೊಡಗಿತು. ಮನೆಗೆ ಬಂದ ನೆಂಟರೊಬ್ಬರು ಅದನ್ನು ಕಂಡು, "ಈಗ ನೋಡು, ಅಪ್ಪನ ಹಾಗೇ ಆಗ್ತಾವ್ಳೆ!" ಎಂದು ಸಂತೋಷಪಟ್ಟರು. ಮುರಳಿ ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ಹೋದ. ಮಗುವನ್ನು ತನ್ನದೆನ್ನಲು ಅವನಿಗೆ ಆ ಕಪ್ಪು ಬೇಕಾಗಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಗ್ಯಾರೇಜಿನಲ್ಲಿ ಪೀರಪ್ಪನಿಗೂ ಸುದ್ದಿ ಮುಟ್ಟಿತು. ಅವನು ಮುರಳಿಯನ್ನು ಪಕ್ಕಕ್ಕೆ ಕರೆದು, "ಅವತ್ತು ನಾನು ಸುಮ್ನೆ ತಮಾಷೆಗೆ ಅಂದಿದ್ದು ಕಣೋ, ನೀನು ಅದನ್ನ ಇಟ್ಕೊಂಡು..." ಎಂದ.

"ಗೊತ್ತು ಅಣ್ಣ. ನೀವು ಅಂದು ಮರೆತ್ರಿ. ಇಟ್ಕೊಂಡಿದ್ದು ನಾನು" ಎಂದು ಮುರಳಿ ಕೆಲಸಕ್ಕೆ ತಿರುಗಿದ.

ಕಳೆದುಹೋದ ತಿಂಗಳುಗಳು ಮಾತ್ರ ಕಳೆದೇ ಹೋಗಿದ್ದವು. ಓರಗೆಯ ಮಕ್ಕಳು ಓಡುವ ವಯಸ್ಸಿನಲ್ಲಿ ಮೋನಿಷಾ ಗೋಡೆ ಹಿಡಿದು ನಿಲ್ಲಲು ಕಲಿತಳು. ಮಾತು ಇನ್ನೂ ಬರಲಿಲ್ಲ. ಡಾಕ್ಟರ್ ನಾಜಿಶ್ ಕುಕ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಇಂಥ ಮಕ್ಕಳಿಗೆ ನಡೆಯಲು, ನುಡಿಯಲು ಕಲಿಸುತ್ತಿದ್ದರು. ಆ ಹೊತ್ತಿಗೆ ತೇಜಶ್ರೀ ಕಮ್ಮನಹಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಮಗುವನ್ನು ಕರೆದೊಯ್ಯುವುದು ಮುರಳಿಯ ಪಾಲಿಗೆ ಬಂತು.

ವೆರಾಂಡದಲ್ಲಿ ಸಾಲಾಗಿ ಕುರ್ಚಿಗಳಿದ್ದವು. ಕಾಯುವವರೆಲ್ಲ ತಾಯಂದಿರೇ. ಮೊದಲ ದಿನ ಪಕ್ಕದಲ್ಲಿ ಶಂಶುನ್ನೀಸಾ ಎಂಬ ಹೆಂಗಸು ಮಗನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಪ್ಪ ಒಬ್ಬ ಬಂದಿದ್ದಾನೆಂದು ಅವಳಿಗೆ ಸಂತೋಷವಾಯಿತು. ಚೀಲದಿಂದ ಬಿಸ್ಕತ್ತು ತೆಗೆದು ಕೊಟ್ಟಳು.

"ನಮ್ಮನೆಯವರು ಒಂದಿನಾನೂ ಬರಲ್ಲ ಅಣ್ಣ. ನಿಮ್ಮಂಥೋರು ಸಿಗೋದು ಕಷ್ಟ. ಮಗುಗೆ ಕಾಯಿಲೆ ಇರೋದು ಲೇಟಾಗಿ ಗೊತ್ತಾಯ್ತಾ?"

ಹೌದು, ಮೊದಲು ಗೊತ್ತಾಗಲಿಲ್ಲ ಎಂದುಬಿಡಬಹುದಿತ್ತು. ಅಲ್ಲಿದ್ದ ಎಲ್ಲರ ಉತ್ತರವೂ ಅದೇ, ಅವರ ಮಟ್ಟಿಗೆ ನಿಜವೂ ಹೌದು. ಮುರಳಿ ಬಿಸ್ಕತ್ತನ್ನು ಕೈಯಲ್ಲೇ ಹಿಡಿದುಕೊಂಡ.

"ಮಗು ನನ್ನದಲ್ಲ ಅಂದ್ಬಿಟ್ಟಿದ್ದೆ ಅಕ್ಕ. ಆಸ್ಪತ್ರೆಗೆ ಬಾ ಅಂತ ಅವಳು ಕರೆದಾಗ ಹೋಗ್ಲಿಲ್ಲ. ಅದಕ್ಕೇ ಲೇಟಾಯ್ತು."

ಶಂಶುನ್ನೀಸಾ ಅವನನ್ನು ನೋಡಿದಳು. ನೆಲದ ಮೇಲಿದ್ದ ತನ್ನ ಚೀಲವನ್ನು ಎತ್ತಿಕೊಂಡು ಎರಡು ಕುರ್ಚಿ ಆಚೆ ಹೋಗಿ ಕೂತಳು. ಉಳಿದ ಹೆಂಗಸರೂ ಕೇಳಿಸಿಕೊಂಡಿದ್ದರು. ಮುರಳಿಗೆ ಎದ್ದು ಗೇಟಿನ ಹೊರಗೆ ನಿಲ್ಲೋಣ ಎನಿಸಿತು. ಆದರೆ ಒಳಗಿನಿಂದ ಯಾವ ಕ್ಷಣದಲ್ಲಾದರೂ ಕರೆಯಬಹುದಿತ್ತು. ಅವನು ಅಲ್ಲೇ ಕೂತ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. "ಮೋನಿಷಾ ಅವರ ಕಡೆಯವರು ಯಾರು?" ಎಂದು ಟೀಚರು ಕೇಳಿದರು.

"ನಾನು. ಅಪ್ಪ" ಎಂದು ಮುರಳಿ ಎದ್ದು ನಿಂತ.